ನನ್ನ ಕಿವಿಯೆಲುಬಿನ ನಕಲು

ಚಿಕ್ಕಂದಿನಿಂದಲೂ ನನ್ನ ಎಡಗಿವಿ ಸೋರುತ್ತಿತ್ತು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಮಗ್ಗದ ಮನೆಗಳ ಹುಡುಗರಲ್ಲಿ ಒಬ್ಬನ ಮೂಗು ಸೋರಿದರೆ ಇನ್ನೊಬ್ಬನ ಕಿವಿ ಸೋರುತ್ತಿತ್ತು. ಅವ್ವ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟು ಅರಳೆ ತುರುಕುತ್ತಿದ್ದಳು. ಮಳೆಗಾಲ ಮುಗಿದರೆ ಅದು ತಾನಾಗಿ ಒಣಗುತ್ತಿತ್ತು.

ದೊಡ್ಡವನಾಗಿ ಬ್ಯಾಂಡ್ ಕಂಪನಿ ಸೇರಿ ಕ್ಲಾರ್ನೆಟ್ ಹಿಡಿದ ಮೇಲೆ ಆ ಕಿವಿಯ ಇನ್ನೊಂದು ಗುಣ ಗೊತ್ತಾಯಿತು. ಮೇಲಿನ ಸ್ವರಕ್ಕೆಂದು ಬಿಗಿಯಾಗಿ ಉಸಿರು ಕೊಟ್ಟರೆ ಗಾಳಿ ಕೊಳವೆಯೊಳಗಷ್ಟೇ ಹೋಗುತ್ತಿರಲಿಲ್ಲ. ಎಡಗಿವಿಯಿಂದಲೂ ಹೊರಬಿದ್ದು ಸಣ್ಣಗೆ ಸಿಳ್ಳು ಹಾಕುತ್ತಿತ್ತು. ಪಕ್ಕದಲ್ಲಿ ಡ್ರಮ್ ಬಾರಿಸುವವನು ನಗುತ್ತಿದ್ದ. ನನಗೆ ವಾದ್ಯ ಕಲಿಸಿದವರು, ಬ್ಯಾಂಡ್ ನಡೆಸುತ್ತಿದ್ದವರು ನಮ್ಮ ಉಸ್ತಾದರು. ಅವರು ಮಾತ್ರ ನಗುತ್ತಿರಲಿಲ್ಲ. "ಬೇಟಾ, ಉಸಿರು ಸೋರಿದ್ರ ಸ್ವರ ಸೋರತೈತಿ. ಒಮ್ಮೆ ದವಾಖಾನಿಗೆ ತೋರಿಸು" ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಮದುವೆಯ ಹಂಗಾಮಿನಲ್ಲಿ ಬಿಡುವಿಲ್ಲ, ಮಳೆಗಾಲ ಮುಗಿದ ಮೇಲೆ ಕಿವಿಯೇ ಒಣಗಿರುತ್ತಿತ್ತು.

ಎರಡು ಸಾವಿರದ ದಶಕ ಮುಗಿಯುತ್ತ ಬಂದ ವರ್ಷಗಳವು. ಒಂದು ಬೇಸಿಗೆ ರೋಣದ ಮದುವೆಯೊಂದರಲ್ಲಿ ಬೀಗರನ್ನು ಎದುರುಗೊಳ್ಳುವ ಹೊತ್ತಿಗೆ ನಾನು ಒಂದು ಸ್ವರವನ್ನು ಎತ್ತರಕ್ಕೆ ಒಯ್ದು ಹಿಡಿದೆ. ಕಿವಿಯೊಳಗೆ ಏನೋ ಪಟಕ್ಕೆಂದಿತು. ಎದುರಿನ ಹಂದರ, ಬೀಗರ ರುಮಾಲುಗಳು, ಬಿಸಿಲು ಎಲ್ಲವೂ ಗರಗರ ತಿರುಗತೊಡಗಿದವು. ನಾನು ಹಂದರದ ಕಂಬವನ್ನು ತಬ್ಬಿಕೊಂಡು ನಿಂತುಬಿಟ್ಟೆ. ಕುಡಿದಿದ್ದಾನೆ ಎಂದು ಯಾರೋ ಅಂದದ್ದು ಕೇಳಿಸಿತು. ಉಸ್ತಾದರು ಬಂದು ನನ್ನ ಕೈಯಿಂದ ವಾದ್ಯ ತೆಗೆದುಕೊಂಡು ಬಾಯಿಗೆ ಇಟ್ಟು ಹಾಡನ್ನು ಮುಗಿಸಿದರು. ಆಮೇಲೆ ನನ್ನ ರಟ್ಟೆ ಹಿಡಿದು ನೇರ ದವಾಖಾನೆಗೆ ಕರೆದೊಯ್ದರು.

ರೋಣದ ಡಾಕ್ಟರು ಕಿವಿಯೊಳಗೆ ಬ್ಯಾಟರಿ ಬಿಟ್ಟು ನೋಡಿ, ಅರಳೆಕಡ್ಡಿ ಮೂಸಿ, ಮುಖ ಸಣ್ಣದು ಮಾಡಿದರು. "ಇದು ನನ್ನ ಕೈಯಾಗಿಂದಲ್ಲ. ಹುಬ್ಬಳ್ಳಿಗೆ ಹೋಗ್ರಿ. ತಡಾ ಮಾಡಬ್ಯಾಡ್ರಿ."

ಹುಬ್ಬಳ್ಳಿ ಕಡೆಯ ಒಂದು ದವಾಖಾನೆಯಲ್ಲಿ ಕಿವಿಯ ದೊಡ್ಡ ಡಾಕ್ಟರು ಇದ್ದರು. ನಾನು ಮತ್ತು ನನ್ನ ಹೆಂಡತಿ ಹೋದೆವು. ಮೆಷಿನ್ನಿನೊಳಗೆ ಮಲಗಿಸಿ ತಲೆಯ ಫೋಟೊ ತೆಗೆಸಿದರು. ಡಾಕ್ಟರು ಆ ಕರಿ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಕೊನೆಗೆ ಕೇಳಿದರು: "ಏನ್ ಉದ್ಯೋಗ ಮಾಡ್ತೀರಿ?"

"ಬ್ಯಾಂಡಿನಾಗ ಕ್ಲಾರ್ನೆಟ್ ಊದತೇನ್ರಿ."

ಅವರು ಹಾಳೆಯನ್ನು ಕೆಳಗಿಟ್ಟರು. "ಹಂಗಾರ ನಿಮಗ ಎಲ್ಲಾ ಬಿಡಿಸಿ ಹೇಳಬೇಕಾತು" ಎಂದು ತಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ನನ್ನ ಕಿವಿಯ ಹಿಂದೆ ಬೆರಳಿಟ್ಟರು. "ಇಲ್ಲಿ ಎಲುಬಿನ ಒಳಗ ಜೇನಹುಟ್ಟಿನಂಗ ಸಣ್ಣ ಸಣ್ಣ ಮನಿ ಅದಾವ. ಅದರಾಗ ಹೊಲಸು ತುಂಬಿ ಎಲುಬು ತಿನ್ನಾಕ ಹತ್ತೇತಿ. ಅಷ್ಟೂ ಕೊರದು ಸ್ವಚ್ಛ ಮಾಡಬೇಕು. ಆದ್ರ ಅದರ ನಡುವಽ ಮಾರಿಯ ನರ ಹಾಯ್ತೈತಿ. ಕಣ್ಣ ಮುಚ್ಚೂದು, ನಗೂದು, ತುಟಿ ಬಿಗಿ ಹಿಡಿಯೂದು ಎಲ್ಲಾ ಆ ನರದ ಮ್ಯಾಲ. ಅದಕ್ಕ ಧಕ್ಕಿ ಆತಂದ್ರ ಅರ್ಧ ಮಾರಿ ಜೋತು ಬೀಳತೈತಿ."

ಹೆಂಡತಿ ಕೇಳಿದಳು: "ಹಂಗಽ ಬಿಟ್ರ ಏನಾಕ್ಕೈತ್ರಿ?"

"ಬಿಟ್ರ ಆ ಹೊಲಸಽ ನರಾ ತಿಂತೈತವ್ವ. ಅದರ ಮ್ಯಾಲ ಮೆದುಳೈತಿ."

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಕಿವಿಯ ಎಲುಬು ಕೊರೆಯುವುದು ಕಲಿಯಲು ಎಳೆಯ ಡಾಕ್ಟರುಗಳಿಗೆ ಎಲುಬು ಬೇಕು. ಸತ್ತವರ ಎಲುಬು ಬೇಕಾದಷ್ಟು ಸಿಗುವುದಿಲ್ಲ. ಈಗ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹೊಸ ಮೆಷಿನ್ ಬಂದಿದೆ. ಅದು ತಲೆಯ ಫೋಟೊ ನೋಡಿ ಎಲುಬಿನ ತದ್ರೂಪು ಮಾಡಿಕೊಡುತ್ತದೆ. "ನಿಮ್ಮ ಎಲುಬಿನ ನಕಲು ಮಾಡಸ್ತೇನಿ. ನಮ್ಮ ಹುಡುಗ್ರು ಅದರ ಮ್ಯಾಲ ಕೈ ಕೂಡಸ್ಲಿ. ನಾನೂ ಒಮ್ಮೆ ಕೊರದು ನೋಡ್ತೇನಿ. ನೀವು ಹೂಂ ಅಂದ್ರ ಮಾತ್ರ."

ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಹೂಂ ಅಂದೆ. ಬಸ್ಸಿನಲ್ಲಿ ಹೆಂಡತಿ ಕೇಳಿದಳು: "ನಿಮ್ಮ ಎಲುಬಿನಂಗಽ ಮಾಡ್ತಾರಂತ. ಜೀವ ಇರೋರದು ಹಂಗ ಮಾಡಬಹುದೇನ್ರಿ?" ನರಗುಂದದವರೆಗೂ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತ ಕೂತೆವು.

ಆಪರೇಷನ್ನಿನ ದಿನ ಗೊತ್ತುಮಾಡಿಕೊಂಡು ಬರಲು ಮುಂದಿನ ಸಲ ನಾನೊಬ್ಬನೇ ಹೋದೆ. ದೊಡ್ಡ ಡಾಕ್ಟರು ನನ್ನನ್ನು ಕಂಡವರೇ ಖುಷಿಯಿಂದ, "ಬರ್ರಿ, ನಿಮ್ಮ ಎಲುಬು ಬಂದೇತಿ, ತೋರಸ್ತೇನಿ" ಎಂದು ಒಳಗಿನ ಒಂದು ಕೋಣೆಗೆ ಕರೆದೊಯ್ದರು. ಅವರು ಒಳ್ಳೆಯ ಮನಸ್ಸಿನಿಂದಲೇ ಕರೆದರು. ಆದರೆ ಆ ಕೋಣೆಗೆ ನಾನು ಹೋಗಬಾರದಾಗಿತ್ತು.

ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಅದೇ ಎಲುಬಿನ ಎರಡು ಮೂರು ನಕಲುಗಳಿದ್ದವು. ಮುಷ್ಟಿಯಷ್ಟು ದಪ್ಪ, ಸುಣ್ಣದ ಹರಳಿನಂತೆ ಬೆಳ್ಳಗೆ, ಒರಟು. ಕಿವಿಯ ತೂತು ಎಲ್ಲಿದೆ ಎಂದು ಅವರು ತೋರಿಸಿದ ಮೇಲೆಯೇ ನನಗೆ ಕಂಡದ್ದು. ಬಿಳಿ ಪುಡಿಯನ್ನು ಹಾಳೆಯಷ್ಟು ತೆಳ್ಳಗೆ ಹಾಸಿ, ಎಲುಬು ಇರಬೇಕಾದ ಕಡೆ ಮಾತ್ರ ಅಂಟು ಹನಿಸಿ, ಅದರ ಮೇಲೆ ಮತ್ತೊಂದು ಪದರ ಹಾಸಿ ಮೆಷಿನ್ನು ಅದನ್ನು ಕಟ್ಟುತ್ತದಂತೆ. ನರ ಹಾಯುವ ದಾರಿಯನ್ನು ಟೊಳ್ಳಾಗಿ ಬಿಟ್ಟು, ಆಮೇಲೆ ಅದರೊಳಗೆ ಕೆಂಪು ಮೇಣ ಇಳಿಸಿದ್ದರು. ನಾನು ಒಂದನ್ನು ಕೈಗೆ ತೆಗೆದುಕೊಂಡೆ. ಹಗುರಾಗಿತ್ತು. ಗೊತ್ತಿಲ್ಲದೆಯೇ ಇನ್ನೊಂದು ಕೈ ನನ್ನ ಕಿವಿಯ ಹಿಂದಕ್ಕೆ ಹೋಯಿತು.

ಕಿಟಕಿಯ ಪಕ್ಕ ಒಬ್ಬ ಎಳೆಯ ಡಾಕ್ಟರಮ್ಮ ದುರ್ಬೀನಿನಂಥ ಯಂತ್ರಕ್ಕೆ ಕಣ್ಣಿಟ್ಟು ಕೂತಿದ್ದಳು. ಅವಳ ಮುಂದೆ ನನ್ನದೇ ಎಲುಬಿನ ಇನ್ನೊಂದು ನಕಲನ್ನು ಮೇಜಿನ ಇಕ್ಕಳಕ್ಕೆ ಬಿಗಿದಿದ್ದರು. ಅವಳ ಕೈಯಲ್ಲಿ ಪೆನ್ನಿನಂಥ ಡ್ರಿಲ್ಲು. ಅವಳು ನೋಡುತ್ತಿದ್ದದ್ದೆಲ್ಲ ಪಕ್ಕದ ಟೀವಿಯಲ್ಲಿ ದೊಡ್ಡದಾಗಿ ಕಾಣುತ್ತಿತ್ತು. ಡ್ರಿಲ್ಲು ತಿರುಗಿದಂತೆ ನೀರು ಹನಿಯುತ್ತಿತ್ತು, ಪುಡಿ ಕಲೆತು ಹಾಲಿನಂತಾಗುತ್ತಿತ್ತು. ದೊಡ್ಡ ಡಾಕ್ಟರು ನನಗೆ ವಿವರಿಸುತ್ತಿದ್ದರು. ನನ್ನ ಕಣ್ಣು ಟೀವಿಯ ಮೇಲೆಯೇ ಇತ್ತು.

ಇದ್ದಕ್ಕಿದ್ದಂತೆ ಆ ಹಾಲಿನಲ್ಲಿ ಒಂದು ಕೆಂಪು ಗೀಟು ಮೂಡಿತು.

ಡ್ರಿಲ್ಲು ನಿಂತಿತು. ಡಾಕ್ಟರಮ್ಮ ಕಣ್ಣು ಎತ್ತದೆ ಮೆಲ್ಲಗೆ ಅಂದಳು: "ಹೋತು ಸರ್."

ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ತಿರುಗಿ ನೋಡಿ, ನನ್ನ ಕಿವಿಯ ಅರಳೆ ಕಂಡು, ಅವಳ ಮುಖ ಬಿಳಿಚಿತು. ದೊಡ್ಡ ಡಾಕ್ಟರು, "ಅದಕ್ಕಽ ನಕಲು ಮಾಡ್ಸೂದು. ಇಲ್ಲಿ ಹರೀಬೇಕು, ಅಲ್ಲಿ ಹರೀಬಾರದು" ಎಂದರು. ಮಾತು ಸರಿಯೇ ಇತ್ತು. ಆದರೆ ನನ್ನ ತುಟಿಗಳು ಆಗಲೇ ತಣ್ಣಗಾಗಿದ್ದವು. ದಿನ ಗೊತ್ತುಮಾಡಿಸಿಕೊಂಡು ಹೊರಗೆ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಕಪ್ಪನ್ನು ಬಾಯಿಯ ಎಡಗಡೆಗೇ ಇಟ್ಟು ಕುಡಿದು ನೋಡಿದೆ. ಸೋರಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಬೆಳಿಗ್ಗೆ ಎದ್ದವನೇ ಕನ್ನಡಿಯ ಮುಂದೆ ನಿಂತು ಹಲ್ಲು ಕಿರಿಯುತ್ತಿದ್ದೆ, ಗಲ್ಲ ಉಬ್ಬಿಸುತ್ತಿದ್ದೆ. ಎರಡೂ ಕಣ್ಣು ಸರಿಯಾಗಿ ಮುಚ್ಚುತ್ತವೆಯೇ ಎಂದು ನೋಡಬೇಕೆನಿಸುತ್ತಿತ್ತು, ಆದರೆ ಕಣ್ಣು ಮುಚ್ಚಿದ ಮೇಲೆ ನೋಡುವವರು ಯಾರು? ಕ್ಲಾರ್ನೆಟ್ಟನ್ನು ಬಾಯಿಯ ಬಲಗಡೆಯಿಂದಷ್ಟೇ ಹಿಡಿದು ಊದಲು ಪ್ರಯತ್ನಿಸಿದೆ. ಗಾಳಿ ಪುಸ್ಸೆಂದು ಎಡಗಡೆಯಿಂದ ಹೋಯಿತು. ಬಸ್‌ಸ್ಟ್ಯಾಂಡಿನ ಎದುರು ಹಣ್ಣು ಮಾರುವವನೊಬ್ಬನಿಗೆ ಹಿಂದೊಮ್ಮೆ ಬಾಯಿ ವಾರೆಯಾಗಿತ್ತು. ಅವನ ಅಂಗಡಿಯ ಮುಂದೆ ನಿಂತು, ಬೇಡದ ಬಾಳೆಹಣ್ಣು ಕೊಂಡು, ಅವನು ಮಾತಾಡುವಾಗ ತುಟಿ ಎತ್ತ ಹೋಗುತ್ತದೆ ಎಂದು ಕದ್ದು ನೋಡುತ್ತಿದ್ದೆ.

ಹೆಂಡತಿ ಮಗ್ಗದ ಮುಂದೆ ಕೂತೇ ನನ್ನನ್ನು ಗಮನಿಸುತ್ತಿದ್ದಳು. ಒಂದು ಮಧ್ಯಾಹ್ನ ಲಾಳಿ ಕೆಳಗಿಟ್ಟು ಕೇಳಿದಳು: "ಏನಾಗೇತಿ ಖರೇ ಹೇಳ್ರಿ. ಹುಬ್ಬಳ್ಳಿಗೆ ಹೋಗಿ ಬಂದಾಗಿಂದ ನೀವು ನೀವಿಲ್ಲ."

ಹೇಳಿದೆ. ಕೆಂಪು ಗೀಟಿನದೂ ಹೇಳಿದೆ. ಅವಳು ಧೈರ್ಯ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಂದಳು: "ಬ್ಯಾಡ ಬಿಡ್ರಿ. ಹುಟ್ಟಿದಾಗಿಂದ ಸೋರೇತಿ, ಇನ್ನೂ ಸೋರಲಿ. ಇದ್ದ ಮಾರಿ ಯಾಕ ಕಳಕೋಬೇಕು?"

ನನಗೆ ಬೇಕಾಗಿದ್ದದ್ದೂ ಅದೇ ಮಾತು. ಗೊತ್ತುಮಾಡಿದ ದಿನ ನಾನು ಹುಬ್ಬಳ್ಳಿಗೆ ಹೋಗಲಿಲ್ಲ.

ಅದೇ ವಾರ ಕೊಣ್ಣೂರಿನಲ್ಲಿ ಮದುವೆ ಇತ್ತು. ಉಸ್ತಾದರಿಗೆ ಆಪರೇಷನ್ ಮುಂದಕ್ಕೆ ಹೋಗಿದೆ ಎಂದು ಹೇಳಿ ಬ್ಯಾಂಡಿನ ಟೆಂಪೊ ಹತ್ತಿದೆ. ಹೊರಡುವಾಗಲೇ ಮೈ ಬೆಚ್ಚಗಿತ್ತು. ಕಿವಿಯ ಹಿಂದೆ ಸಣ್ಣಗೆ ಮಿಡಿಯುತ್ತಿತ್ತು. ಬಿಸಿಲಿಗೆ ಎಂದುಕೊಂಡೆ. ಮೆರವಣಿಗೆ ಹೊಳೆಯ ಕಡೆಯಿಂದ ಊರೊಳಗೆ ಬರುವಷ್ಟರಲ್ಲಿ ಒಂದೊಂದು ಉಸಿರಿಗೂ ಕಿವಿಯ ಹಿಂದೆ ಸುತ್ತಿಗೆ ಬಿದ್ದಂತಾಗುತ್ತಿತ್ತು. ಅಕ್ಷತೆ ಮುಗಿದ ಮೇಲೆ ಉಸ್ತಾದರು ನನ್ನ ಹಿಂದೆ ನಿಂತು, "ತಿರುಗಬ್ಯಾಡ, ಹಂಗಽ ನಿಲ್ಲು" ಎಂದರು. ಬೆರಳಿನಿಂದ ಮುಟ್ಟಿದರು. ನಾನು ಚೀರಿದೆ.

"ಕಿವಿ ಮುಂದಕ್ಕ ಬಂದೇತಲ್ಲೋ! ಹಿಂದ ಲಿಂಬಿಹಣ್ಣಿನಂಗ ಬಾತೇತಿ. ಯಾವಾಗ ಐತಿ ನಿನ್ನ ಆಪರೇಷನ್?"

ನಾನು ಸುಳ್ಳು ಮುಂದುವರಿಸಲಾಗಲಿಲ್ಲ. "ಅಂಜಿ ಬಿಟ್ಟೇನ್ರಿ ಉಸ್ತಾದ್."

ಅವರು ಬೈಯಲಿಲ್ಲ. ಊಟಕ್ಕೆ ಕೂತಿದ್ದ ಹುಡುಗರನ್ನು ಎಬ್ಬಿಸಿ ಟೆಂಪೊ ತೆಗೆಸಿದರು. ನರಗುಂದದಲ್ಲಿ ನಿಂತು, ಊರಲ್ಲಿದ್ದ ನನ್ನ ಹೆಂಡತಿಗೆ ಸುದ್ದಿ ಮುಟ್ಟಿಸಲು ಒಂದು ಫೋನು ಮಾಡಿ, ಅಲ್ಲಿಂದ ನೇರ ಹುಬ್ಬಳ್ಳಿಗೆ. ಡ್ರಮ್ಮುಗಳ ನಡುವೆ ಉಸ್ತಾದರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ರಸ್ತೆಯ ಒಂದೊಂದು ತಗ್ಗಿಗೂ ಡ್ರಮ್ಮುಗಳು ತಾವಾಗಿ ದುಂ ಎನ್ನುತ್ತಿದ್ದವು. ಮೆದುಳಿನ ಮಾತು ನೆನಪಾಗಿ, ನನ್ನ ಮಕ್ಕಳ ಹೆಸರುಗಳನ್ನು ಮನಸ್ಸಿನಲ್ಲೇ ಹೇಳಿಕೊಂಡು ಇನ್ನೂ ನೆನಪಿವೆಯೇ ಎಂದು ನೋಡಿಕೊಳ್ಳುತ್ತಿದ್ದೆ.

ದೊಡ್ಡ ಡಾಕ್ಟರು ಬಾವು ಚುಚ್ಚಿ ಕೀವು ತೆಗೆದರು. ಕೆಲವು ದಿನ ಸೂಜಿ, ಸಲಾಯಿನ್ ನಡೆದವು. ಜ್ವರ ಇಳಿಯಿತು. ಇನ್ನು ಆಪರೇಷನ್ ತಪ್ಪಿಸಲಾಗದು ಎಂದು ನನಗೂ ಗೊತ್ತಾಗಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಆ ಎಳೆಯ ಡಾಕ್ಟರಮ್ಮ ಪಟ್ಟಿ ಬದಲಿಸಲು ಬಂದಳು. ಹೆಂಡತಿ ಹೊರಗೆ ಹೋಗಿದ್ದಳು. ಈಗ ಕೇಳದಿದ್ದರೆ ಇನ್ನೆಂದೂ ಕೇಳಲಾರೆ ಎನಿಸಿತು.

"ಡಾಕ್ಟರಬಾಯಾರ, ಅವತ್ತು ಕೆಂಪಗ ಬಂತಲ್ರಿ. ಆಮ್ಯಾಲ ಏನಾತ್ರಿ?"

ಅವಳ ಕೈ ನಿಂತಿತು. ಸುಳ್ಳು ಹೇಳುತ್ತಾಳೇನೋ ಎಂದು ಅವಳ ಮುಖವನ್ನೇ ನೋಡುತ್ತಿದ್ದೆ.

"ಮರುದಿನಾನೂ ಹರೀತ್ರಿ" ಎಂದಳು. "ಅದರ ಮರುದಿನಾನೂ. ಆ ಪುಡಿಯ ಎಲುಬು ಭಾಳ ಮೆತ್ತಗಿತ್ತು, ಡ್ರಿಲ್ಲ ಬೆಣ್ಣ್ಯಾಗ ಹೋದಂಗ ಹೋಗ್ತಿತ್ತು. ಖರೇ ಎಲುಬು ಹಂಗ ಇರೂದಿಲ್ಲ. ಕಾಲೇಜಿನವರಿಗೆ ಹೇಳಿದ್ವಿ. ಅವರು ತೆಳ್ಳನ ಅಂಟಿನಾಗ ಅದ್ದಿ ಗಟ್ಟಿ ಮಾಡಿ ಕೊಟ್ರು. ಆಮ್ಯಾಲ ಕೈಗೆ ಎಲುಬಿನಂಗಽ ಅನಸಾಕ ಹತ್ತು. ಆದ್ರ ಎಲುಬು ಮೆತ್ತಗಿತ್ತು ಅಂತ ಅಷ್ಟಽ ಅಲ್ರಿ. ನನ್ನ ಕೈಯೂ ಅವಸರ ಮಾಡತಿತ್ತು."

"ಈಗರೀ?"

"ಈಗ ಹರಿಯೂದಿಲ್ಲ. ನಿಮ್ಮ ನರ ಎಲ್ಲೈತಿ ಅಂತ ನನಗ ಈಗ ನನ್ನ ಮನಿ ದಾರಿಯಷ್ಟು ಗೊತ್ತೈತಿ. ಆದ್ರ ಒಂದು ಮಾತು. ಹೊಲಸು ಒಳಗ ಇನ್ನೂ ಎಷ್ಟು ತಿಂದೇತಿ ಅನ್ನೂದು ನಕಲಿನಾಗ ಪೂರಾ ಕಾಣೂದಿಲ್ಲ."

ಅದೇ ಸಂಜೆ ದೊಡ್ಡ ಡಾಕ್ಟರು ಕೇಳಿದರು: "ಹೊರಗಿನ ಎಲುಬು ಈಕಿ ಕೊರೀತಾಳ. ನರದ ಹತ್ರ ನಾ ಮಾಡ್ತೇನಿ. ಒಪ್ಪಗಿ ಐತಿ? ಇಲ್ಲಂದ್ರ ಪೂರಾ ನಾನಽ ಮಾಡ್ತೇನಿ." ಹೆಂಡತಿ ನನ್ನ ಕೈಯನ್ನು ಜೋರಾಗಿ ಒತ್ತಿದಳು. ಬೇಡ ಎನ್ನು ಎಂಬ ಅರ್ಥ ಅದಕ್ಕೆ. ಡಾಕ್ಟರಮ್ಮ ನೆಲ ನೋಡುತ್ತ ನಿಂತಿದ್ದಳು. ನಾನು ಹೂಂ ಅಂದೆ. ಯಾಕೆ ಅಂದೆ ಎಂದು ಆಮೇಲೆ ಹೆಂಡತಿ ಎಷ್ಟೋ ಸಲ ಕೇಳಿದ್ದಾಳೆ. ಕೈ ಅವಸರ ಮಾಡುತ್ತಿತ್ತು ಎಂದು ತಾನಾಗಿ ಒಪ್ಪಿಕೊಂಡವಳು ಅವಳೊಬ್ಬಳೇ ಎಂಬುದಷ್ಟೇ ನನ್ನ ಉತ್ತರ.

ನನಗೆ ಪೂರ್ತಿ ಎಚ್ಚರ ತಪ್ಪಿಸಲಿಲ್ಲ. ಕಿವಿಯ ಸುತ್ತ ಸೂಜಿ ಚುಚ್ಚಿ ಜೋಮು ಹಿಡಿಸಿದರು. ಮುಖದ ಮೇಲೆ ಹಸಿರು ಬಟ್ಟೆ. ನೋವಿರಲಿಲ್ಲ, ಆದರೆ ಎಲ್ಲವೂ ಕೇಳುತ್ತಿತ್ತು. ಡ್ರಿಲ್ಲು ಶುರುವಾದಾಗ ಅದು ಹೊರಗಿನಿಂದ ಬರುವ ಸದ್ದಾಗಿರಲಿಲ್ಲ. ಇಡೀ ತಲೆಬುರುಡೆಯೇ ಗುಂಯ್‌ಗುಡುತ್ತಿತ್ತು, ಹಲ್ಲುಗಳು ನಡುಗುತ್ತಿದ್ದವು. ಕಣ್ಣು ಮುಚ್ಚಿದರೆ ಟೀವಿಯ ಆ ಹಾಲುಬಿಳಿ ಕಾಣುತ್ತಿತ್ತು. ಯಾವ ಗಳಿಗೆಯಲ್ಲಿ "ಹೋತು ಸರ್" ಎಂಬ ಮಾತು ಬೀಳುತ್ತದೋ ಎಂದು ಕಾಯುತ್ತಿದ್ದೆ.

ಡ್ರಿಲ್ಲು ತಟ್ಟನೆ ನಿಂತಿತು.

"ಸರ್, ಇಲ್ಲಿತನಕ ನಕಲಿನಂಗಽ ಐತಿ" ಎಂಬ ಡಾಕ್ಟರಮ್ಮನ ದನಿ ಕೇಳಿತು. "ಇಲ್ಲಿಂದ ಹಂಗಿಲ್ಲ. ನರದ ಮ್ಯಾಲಿನ ಎಲುಬಽ ಉಳದಿಲ್ಲ. ನೀವು ಬರ್ರಿ."

ಕುರ್ಚಿಗಳು ಸರಿದ ಸದ್ದು. ದೊಡ್ಡ ಡಾಕ್ಟರು ಅವಳ ಜಾಗದಲ್ಲಿ ಕೂತರು. ಡಾಕ್ಟರಮ್ಮ ಈಗ ಬಟ್ಟೆಯ ಅಂಚು ಎತ್ತಿ ನನ್ನ ಮುಖದ ಹತ್ತಿರ ಕೂತಳು. ಡ್ರಿಲ್ಲಿನ ಸದ್ದು ಮತ್ತೆ ಶುರುವಾಯಿತು, ಈ ಸಲ ಸಣ್ಣಗೆ, ನಿಲ್ಲಿಸಿ ನಿಲ್ಲಿಸಿ. "ಹಲ್ಲು ಕಿರೀರಿ" ಎಂದಳು ಅವಳು. ಕಿರಿದೆ. "ಕಣ್ಣ ಬಿಗಿ ಮುಚ್ಚರಿ." ಮುಚ್ಚಿದೆ ಎಂದುಕೊಂಡೆ. ಅವಳು ಇನ್ನೊಮ್ಮೆ ಅಂದಳು: "ಎಡಗಣ್ಣ ಮುಚ್ಚರಿ."

"ಮುಚ್ಚೇನಲ್ರಿ."

ದೊಡ್ಡ ಡಾಕ್ಟರು ಕೈ ತೆಗೆದರು. "ನಾ ನರಾ ಮುಟ್ಟಿಲ್ಲ" ಎಂದರು, ನನಗೋ ಅವಳಿಗೋ ತಮಗೋ ಗೊತ್ತಿಲ್ಲ. "ಜೋಮಿನ ಔಷಧ ನರದ ಮ್ಯಾಲಽ ಇಳದಿರಬೇಕು. ಎಲುಬಿನ ಮುಚ್ಚಗಿ ಇಲ್ಲಲ್ಲ. ಇಳೀತೈತಿ." ಆಮೇಲೆ ಕೆಲಸ ಮುಗಿಸಿ ಹೊಲಿಗೆ ಹಾಕಿದರು.

ವಾರ್ಡಿಗೆ ತಂದಾಗ ಹೆಂಡತಿ ನನ್ನ ಮುಖ ನೋಡಿ ಹಿಂದೆ ಸರಿದದ್ದು ಇವತ್ತಿಗೂ ಕಣ್ಣ ಮುಂದಿದೆ. ಎಡಗಡೆಯ ಬಾಯಿ ಕೆಳಗೆ ಜೋತಿತ್ತು. ನೀರು ಕುಡಿಸಿದರೆ ಗದ್ದದ ಮೇಲೆ ಹರಿಯಿತು. ಔಷಧ ಇಳಿದರೆ ಸರಿಯಾಗುತ್ತದೆ ಎಂದು ಹೇಳಿದ್ದಾರೆ ಅಂದೆ. ನನ್ನ ಮಾತೇ ತೊದಲುತ್ತಿತ್ತು. ಅವಳು ಅಳಲಿಲ್ಲ. ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ನನ್ನ ಎಡಗಣ್ಣನ್ನೇ ದಿಟ್ಟಿಸುತ್ತ, "ಮುಚ್ಚರಿ" ಎನ್ನುತ್ತಿದ್ದಳು. ನಾನು ಮುಚ್ಚುತ್ತಿದ್ದೆ. "ಇಲ್ಲ" ಎನ್ನುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಮುಚ್ಚರಿ." ಡಾಕ್ಟರಮ್ಮ ಊಟಕ್ಕೂ ಹೋಗದೆ ವಾರ್ಡಿನಲ್ಲೇ ಅತ್ತಿಂದಿತ್ತ ಓಡಾಡುತ್ತಿದ್ದಳು. ಉಸ್ತಾದರು ಬಾಗಿಲಲ್ಲಿ ನಿಂತು ಒಳಗೆ ಬರದೆ ತುಟಿ ಅಲ್ಲಾಡಿಸುತ್ತ ಪ್ರಾರ್ಥಿಸುತ್ತಿದ್ದರು.

ಮಧ್ಯಾಹ್ನ ಕಳೆದು ಕಿಟಕಿಯ ಬಿಸಿಲು ಮಂಚದ ಕಾಲಿಗೆ ಬಂದಿತ್ತು. "ಮುಚ್ಚರಿ" ಅಂದಳು. ಮುಚ್ಚಿದೆ. ಅವಳು ಇಲ್ಲ ಅನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಕಣ್ಣು ತೆರೆದು ನೋಡಿದರೆ ಸ್ಟೂಲು ಖಾಲಿ ಇತ್ತು. ಅವಳು ಡಾಕ್ಟರಮ್ಮನನ್ನು ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದಳು. "ನೋಡ್ರಿ, ಅರ್ಧ ಮುಚ್ಚಿತ್ರಿ! ನಾ ನೋಡೇನಿ!" ಡಾಕ್ಟರಮ್ಮ ಬಗ್ಗಿ ನೋಡಿದಳು, ಇನ್ನೊಮ್ಮೆ ಮುಚ್ಚಿಸಿದಳು, ಹಲ್ಲು ಕಿರಿಸಿದಳು. ಆಮೇಲೆ ಗೋಡೆಗೆ ಒರಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಷ್ಟು ದೊಡ್ಡ ಓದು ಓದಿದವಳು ಹಾಗೆ ಕೂತದ್ದನ್ನು ನೋಡಿ ನನಗೆ ಅವಳ ವಯಸ್ಸು ಎಷ್ಟು ಸಣ್ಣದೆಂದು ಆಗ ತಿಳಿಯಿತು.

ಕತ್ತಲಾಗುವುದರೊಳಗೆ ಮುಖ ಪೂರ್ತಿ ಮರಳಿತು. ಕಿವಿ ಒಣಗಲು ತಿಂಗಳುಗಳೇ ಹಿಡಿದವು. ಆ ಕಿವಿಗೆ ಕೇಳುವುದು ಕಡಿಮೆಯಾಯಿತು, ಅದು ತಿರುಗಿ ಬರಲಿಲ್ಲ. ಊದಬೇಡಿ ಎಂದಿದ್ದರು, ಹಾಗಾಗಿ ಒಂದಿಡೀ ಹಂಗಾಮು ಬ್ಯಾಂಡಿನಲ್ಲಿ ತಾಳ ಹಾಕಿಕೊಂಡು ನಡೆದೆ. ಮರುವರ್ಷ ಅಬ್ಬಿಗೇರಿಯ ಮದುವೆಯಲ್ಲಿ ಉಸ್ತಾದರು ಕ್ಲಾರ್ನೆಟ್ಟನ್ನು ನನ್ನ ಕೈಗೆ ಕೊಟ್ಟು ತಾವು ಹಿಂದೆ ಸರಿದರು. ತುಟಿ ಹಿಡಿಯಿತು. ಮೇಲಿನ ಸ್ವರದಲ್ಲಿ ಮಾತ್ರ ಅಂಜಿಕೆ ಉಳಿದುಕೊಂಡಿತು, ಈಗಲೂ ಇದೆ.

ಕೊನೆಯ ಸಲ ತೋರಿಸಲು ಹೋದಾಗ ದೊಡ್ಡ ಡಾಕ್ಟರು ಇನ್ನೊಂದು ಸಲ ಕೇಳಿದರು. ನನ್ನ ಎಲುಬಿನಂಥದು ಕಲಿಯುವವರಿಗೆ ಬಹಳ ಉಪಯೋಗವಂತೆ. ಇನ್ನಷ್ಟು ನಕಲು ಮಾಡಿಸಿ ಬೇರೆ ಊರಿನ ಕಲಿಯುವ ಡಾಕ್ಟರುಗಳಿಗೂ ಕೊಡಬಹುದೇ? ಈ ಸಲ ನಾನು ಹೆಂಡತಿಯ ಮುಖ ನೋಡಿದೆ. ಅವಳು ಯೋಚಿಸಿ, "ಕೊಡ್ರಿ. ಆದ್ರ ಗಟ್ಟಿ ಮಾಡಿ ಕೊಡ್ರಿ" ಎಂದಳು. ಡಾಕ್ಟರು ನಕ್ಕರು. ಅವಳು ನಗಲಿಲ್ಲ.

ಒಳಗಿನ ಕೋಣೆಯಲ್ಲಿ ಹೊಸದಾಗಿ ಬಂದ ಒಬ್ಬ ಹುಡುಗ ಡಾಕ್ಟರು ಆಗಷ್ಟೇ ನನ್ನ ಎಲುಬಿನ ಮುಂದೆ ಕೂತಿದ್ದ. ಅವನ ಪಕ್ಕದಲ್ಲಿ ನಿಂತು ಕಲಿಸುತ್ತಿದ್ದವಳು ನಮ್ಮ ಡಾಕ್ಟರಮ್ಮ. "ಬರ್ರಿ, ನೋಡ್ರಿ" ಎಂದು ಕರೆದಳು. ಡ್ರಿಲ್ಲು ಗುಂಯ್ ಎಂದದ್ದೇ ತಡ, ನಾನು ಕೋಣೆ ಬಿಟ್ಟೆ. ಮೆಟ್ಟಿಲಿಳಿದು ಹೊರಗಿನ ಬೇವಿನ ಗಿಡದ ಕೆಳಗೆ ನಿಂತೆ. ಹೆಂಡತಿ ಮಾತ್ರ ಅಲ್ಲೇ ನಿಂತು ಟೀವಿ ನೋಡುತ್ತಿದ್ದಳು.

ಬಹಳ ಹೊತ್ತಾದ ಮೇಲೆ ಚೀಲ ಹಿಡಿದುಕೊಂಡು ಇಳಿದು ಬಂದಳು.

"ಏನಾತು?" ಅಂದೆ.

"ಇನ್ನೂ ಅರ್ಧಕ್ಕ ಬಂದಾನ. ಭಾಳ ಸಾವಕಾಶ ಮಾಡಾಕ ಹತ್ಯಾನ" ಎಂದಳು. "ನಡೀರಿ, ನರಗುಂದದ ಬಸ್ಸು ಹೋಕ್ಕೈತಿ."